ದಪ್ಪ ಮರ ನೋಡಿ ಮೋಸ ಹೋದೆ

ಕಾಡಿನ ಎರಡು ಪ್ಲಾಟ್‌ಗಳಲ್ಲಿ ಮರ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಅಂತ ನಾನು ಹೇಳಬೇಕಿತ್ತು. ಎರಡೂ ಅಕ್ಕಪಕ್ಕ, ಒಂದೇ ಜಾತಿಯ ಮರ. ಒಂದರಲ್ಲಿ ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪ, ಇನ್ನೊಂದರಲ್ಲಿ ಎಲ್ಲಾ ಸಣಕಲು. ದಪ್ಪ ಮರದ ಜಾಗವೇ ಮೇಲು ಅಂತ ಅಳೆಯುವ ಮುಂಚೆಯೇ ಬರೆದುಬಿಟ್ಟೆ.

ಆದರೆ ಮರಗಳು ದೂರ ದೂರ ಇದ್ದರೆ ಸುಮಾರಾದ ಮಣ್ಣಲ್ಲೂ ಕಾಂಡ ದಪ್ಪವಾಗುತ್ತದೆ. ಎತ್ತರ ಹಾಗಲ್ಲ, ಮರ ಒತ್ತಾಗಿದೆಯೋ ವಿರಳವೋ ಅನ್ನೋದು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಜಾಗದಲ್ಲಿ ಮರ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಹೇಳುವ ಅಳತೆ, ಸೈಟ್ ಇಂಡೆಕ್ಸ್, ನಿಂತಿರೋದೇ ಇದರ ಮೇಲೆ. ಎಲ್ಲಕ್ಕಿಂತ ಮೇಲೆ ತಲೆ ಎತ್ತಿದ ಮರಗಳು ಗೊತ್ತುಮಾಡಿದ ವಯಸ್ಸಿಗೆ, ಉದಾಹರಣೆಗೆ 50 ವರ್ಷಕ್ಕೆ, ಎಷ್ಟು ಮೀಟರ್ ಮುಟ್ಟುತ್ತವೆ ಅನ್ನೋದೇ ಆ ಸಂಖ್ಯೆ.

ತುದಿ ಮುರಿದದ್ದು, ಕವಲೊಡೆದದ್ದು, ವಾಲಿದ್ದು ಬಿಟ್ಟು ಮರ ಆರಿಸಿದೆ. 20 ಮೀಟರ್ ದೂರ ನಿಂತು, ಕೋನ ಅಳೆಯುವ ಕ್ಲಿನೋಮೀಟರ್‌ನಲ್ಲಿ ನೋಡಿದರೆ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲೆ ದೂರದ ಶೇ. 85, ಬುಡ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಶೇ. 7. ಕೂಡಿದರೆ 92, ಅಂದರೆ 18.4 ಮೀಟರ್. ಇಳಿಜಾರಿನಲ್ಲಿ ಮಾತ್ರ ಎಡವಿದೆ. ಟೇಪನ್ನು ನೆಲದ ಮೇಲೇ ಎಳೆದಿದ್ದೆ. 20 ಡಿಗ್ರಿ ಇಳಿಜಾರಿನಲ್ಲಿ ನೆಲದ 20 ಮೀಟರ್ ಅಂದರೆ ಅಡ್ಡಕ್ಕೆ ಬರೀ 18.8. ಸುಮ್ನೆ ಮರಗಳನ್ನ ಉದ್ದ ಮಾಡಿಬಿಟ್ಟಿದ್ದೆ! ಆ ಕಡೆಯ ಮರಗಳನ್ನೆಲ್ಲ ಮತ್ತೆ ಅಳೆದೆ.

ವಯಸ್ಸಿಗೆ ಎದೆಮಟ್ಟದಲ್ಲಿ ಕಾಂಡಕ್ಕೆ ಬೋರರ್, ಅಂದರೆ ಟೊಳ್ಳು ಕೊಳವೆಯ ಬೈರಿಗೆ, ತಿರುಗಿಸಿದೆ. ಪೆನ್ಸಿಲ್‌ಗಿಂತ ತೆಳ್ಳಗಿನ, ಒದ್ದೆ ಕಡ್ಡಿ ಹೊರಗೆ ಬರುತ್ತದೆ. ಒಂದು ಕಡ್ಡಿಯಲ್ಲಿ ತಿರುಳಿನ ಹತ್ತಿರ ಉಂಗುರಗಳು ಕೂದಲೆಳೆಯಷ್ಟು ಒತ್ತೊತ್ತಾಗಿದ್ದವು, ಆಮೇಲೆ ಇದ್ದಕ್ಕಿದ್ದಂತೆ ಅಗಲ. ಚಿಕ್ಕಂದಿನಲ್ಲಿ ಬೇರೆ ಮರದ ನೆರಳಲ್ಲಿ ನರಳಿದೆ ಅಂತ ಗೊತ್ತಾಯಿತು. ಇಂಥ ಮರದ ಎತ್ತರ ಮಣ್ಣಿನ ಕಥೆ ಹೇಳಲ್ಲ, ಅಲ್ವಾ? ಈಗ ಎಷ್ಟೇ ಎತ್ತರ ಇದ್ದರೂ ಲೆಕ್ಕಕ್ಕೆ ಬೇಡ ಅಂತ ಕೈಬಿಟ್ಟೆ. ಉಳಿದವುಗಳ ಉಂಗುರ ಎಣಿಸಿ, ಸಸಿ ಎದೆಮಟ್ಟಕ್ಕೆ ಬರಲು ಹಿಡಿದ ವರ್ಷಗಳನ್ನೂ ಸೇರಿಸಿದೆ. ವಯಸ್ಸು, ಎತ್ತರ ಕೊಟ್ಟರೆ ಸೈಟ್ ಇಂಡೆಕ್ಸ್ ತೋರಿಸುವ ನನ್ನ ವಕ್ರರೇಖೆ ಕೇಳೋದು ಒಟ್ಟು ವಯಸ್ಸು. ಕೆಲವು ಎದೆಮಟ್ಟದ ವಯಸ್ಸನ್ನೇ ಕೇಳುತ್ತವೆ, ಮೊದಲೇ ನೋಡಿಕೊಳ್ಳಿ.

ಆ ಜಾತಿಯ ವಕ್ರರೇಖೆಯ ಮೇಲಿಟ್ಟಾಗ ದಪ್ಪ ಮರದ ಪ್ಲಾಟ್‌ಗೆ ಸೈಟ್ ಇಂಡೆಕ್ಸ್ 21 ಬಂತು, ಸಣಕಲಿಗೆ 26. ಪಕ್ಕದಲ್ಲೇ ಇದ್ದೂ ಇಷ್ಟು ವ್ಯತ್ಯಾಸ! ಗುಂಡಿ ತೋಡಿದೆ. 21 ಬಂದ ಕಡೆ ಒಂದು ಮೊಳಕ್ಕೇ ಗುದ್ದಲಿ ಕಲ್ಲಿಗೆ ಠಣ್ ಅಂತು.