ಮನೆಯ ಮೃತರಿಗೊಂದು ದಿನಪುಸ್ತಕ: ನಾನು ಕಟ್ಟಿದ ಬಗೆ

ವಂಶವೃಕ್ಷ ಬರೆಯುವವರು ತಲೆಮಾರಿನ ಲೆಕ್ಕ ಹಿಡಿಯುತ್ತಾರೆ. ಪ್ರಾರ್ಥನೆಗೆ ಬೇಕಾಗುವ ಲೆಕ್ಕ ಬೇರೆ. ಇವತ್ತು ಬಲಿಪೂಜೆಯಲ್ಲಿ (ಕಥೋಲಿಕ ಕ್ರೈಸ್ತರ ‘ಮಾಸ್’), ಜಪಮಾಲೆಯ ಕೊನೆಯಲ್ಲಿ ಯಾರ ಹೆಸರು ಹೇಳಬೇಕು? ಅದಕ್ಕೇ ನಮ್ಮ ಮನೆಯ ಪುಸ್ತಕವನ್ನು ಜನವರಿ 1ರಿಂದ ಡಿಸೆಂಬರ್ 31ರವರೆಗೆ, ಫೆಬ್ರವರಿ 29 ಸೇರಿಸಿ, 366 ಸಾಲುಗಳಾಗಿ ಹಾಕಿಕೊಂಡೆ. ಮಧ್ಯಯುಗದಿಂದಲೂ ಸನ್ಯಾಸಿ ಮಠಗಳಲ್ಲಿ ತೀರಿಕೊಂಡವರ ಹೆಸರು ಬರೆದಿಡುವ ಕ್ರಮ ಇದೇ. ಪ್ರತಿ ಸಾಲಿನಲ್ಲಿ ಹೆಸರು, ಯಾರ ಮಗ ಅಥವಾ ಮಗಳು, ಯಾರ ಗಂಡ ಅಥವಾ ಹೆಂಡತಿ, ತೀರಿಕೊಂಡ ವರ್ಷ, ಮಣ್ಣು ಮಾಡಿದ ಜಾಗ ಇರುತ್ತವೆ. ಕೊನೆಯಲ್ಲಿ ಈ ವಿವರ ಸಿಕ್ಕಿದ್ದು ಯಾವ ರಿಜಿಸ್ಟರಿನ ಎಷ್ಟನೇ ಪುಟದಲ್ಲಿ ಎಂಬುದು. ಈ ಕೊನೆಯ ಅಂಕಣ ಬಿಟ್ಟರೆ ಮುಂದಿನವರು ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಗುತ್ತದೆ.

ಹಿರಿಯರನ್ನು ಕೇಳುವಾಗ ‘ಯಾವ ತಾರೀಕು’ ಎಂದರೆ ಉತ್ತರ ಬರುವುದು ಕಡಿಮೆ. ‘ಯಾವ ಹಬ್ಬದ ಹತ್ತಿರ?’ ಎಂದರೆ ನೆನಪು ತೆರೆದುಕೊಳ್ಳುತ್ತದೆ. ಕ್ರಿಸ್ಮಸ್ ಎಂದರೆ ದಿನಾಂಕ ಗೊತ್ತೇ ಇದೆ. ಆದರೆ ಪಾಸ್ಕ (ಈಸ್ಟರ್), ಅದಕ್ಕೂ ಮೊದಲಿನ ಉಪವಾಸದ ತಪಸ್ಸುಕಾಲ ಎಂದರೆ ವರ್ಷವೂ ಬೇಕು, ಏಕೆಂದರೆ ಪಾಸ್ಕ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿಯಾದರೂ ಬರಬಹುದು.

ಆಮೇಲೆ ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ, ದಾಖಲೆಗಳು. ವಿವಾಹ ಮತ್ತು ಜ್ಞಾನಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ ಇಡಬೇಕೆಂದು ಬಿಷಪರ ಟ್ರೆಂಟ್ ಮಹಾಸಭೆ 1563ರಲ್ಲಿ ಕಟ್ಟಳೆ ಮಾಡಿತು. 1614ರ ರೋಮನ್ ವಿಧಿಗ್ರಂಥ ಮರಣದ ರಿಜಿಸ್ಟರನ್ನೂ ಸೇರಿಸಿತು. ನಾನು ಮರಣದ ಪುಸ್ತಕದಿಂದ ಶುರು ಮಾಡುವುದಿಲ್ಲ, ವಿವಾಹದ ಪುಸ್ತಕವನ್ನು ಮೊದಲು ಕೇಳುತ್ತೇನೆ. ಅಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ತಂದೆತಾಯಿಯರ ಹೆಸರು ಸಿಗುವುದರಿಂದ ಒಂದೇ ನಮೂದಿನಲ್ಲಿ ಎರಡು ಮನೆತನಗಳ ಬಾಗಿಲು ತೆರೆಯುತ್ತದೆ. ಅಲ್ಲಿಂದ ಜ್ಞಾನಸ್ನಾನದ ಪುಸ್ತಕಕ್ಕೆ ಹೋದಾಗ ಪುಟದ ಅಂಚನ್ನು ಬಿಡದೆ ಓದಬೇಕು. 1908ರಲ್ಲಿ ಜಾರಿಗೆ ಬಂದ ನಿಯಮದಂತೆ, ಒಬ್ಬರ ಮದುವೆ ಎಲ್ಲೇ ಆಗಲಿ, ಅದರ ವಿವರವನ್ನು ಅವರ ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಬರೆಯಬೇಕು. ಊರು ಬಿಟ್ಟು ಹೋದವರ ಜಾಡು ಹೆಚ್ಚಾಗಿ ಸಿಗುವುದು ಈ ಅಂಚಿನಲ್ಲೇ.

ಹಳೆಯ ಲ್ಯಾಟಿನ್ ನಮೂದುಗಳಲ್ಲಿ ಎಡವುವ ಜಾಗಗಳು ಕೆಲವಿವೆ. ‘7ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತರ ಗುರುತು ಡಿಸೆಂಬರ್. ‘ಓಬಿಯಿತ್’ ಎಂದರೆ ತೀರಿಕೊಂಡ ದಿನ, ‘ಸೆಪುಲ್ತುಸ್’ ಅಥವಾ ‘ಸೆಪುಲ್ತಾ’ ಎಂದರೆ ಮಣ್ಣು ಮಾಡಿದ ದಿನ. ಎರಡನೆಯದು ಮಾತ್ರ ಇದ್ದರೆ ಆ ದಿನಾಂಕವನ್ನೇ ಬರೆದು ಪಕ್ಕದಲ್ಲಿ ‘ಮಣ್ಣು’ ಎಂದು ಗುರುತು ಹಾಕುತ್ತೇನೆ. ಒಂದು ದಿನ ಹಿಂದಕ್ಕೆ ಊಹಿಸಿ ಬರೆಯುವುದಿಲ್ಲ. ‘ಯೊವಾನ್ನೆಸ್’, ‘ಯೊವಾನ್ನಿಸ್’ ಇಬ್ಬರು ಬೇರೆ ಜನರಲ್ಲ. ಎರಡನೆಯದು ‘ಯೊವಾನ್ನೆಸನ’ ಎಂಬ ವಿಭಕ್ತಿ ರೂಪ, ಹೆಚ್ಚಾಗಿ ತಂದೆಯ ಹೆಸರಿನ ಜಾಗದಲ್ಲಿ ಬರುತ್ತದೆ.

ಅದೇ ತಂದೆತಾಯಿಗೆ ಒಂದೇ ಹೆಸರಿನ ಎರಡು ಮಕ್ಕಳ ಜ್ಞಾನಸ್ನಾನ ಕಂಡರೆ ನಕಲು ನಮೂದೆಂದು ದಾಟಿ ಹೋಗಬೇಡಿ. ಮೊದಲ ಮಗು ತೀರಿಕೊಂಡು, ಹೆಸರು ತಮ್ಮನಿಗೋ ತಂಗಿಗೋ ಬಂದಿರುವ ಸಾಧ್ಯತೆಯೇ ಹೆಚ್ಚು. ಆ ಎರಡು ದಿನಾಂಕಗಳ ನಡುವಿನ ಮರಣದ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ. ಮನೆಯಲ್ಲಿ ಯಾರ ಬಾಯಲ್ಲೂ ಉಳಿಯದ ಮಕ್ಕಳು ಸಿಗುವುದು ಇಲ್ಲೇ. ಇಡೀ ಕೆಲಸದಲ್ಲಿ ನನಗೆ ಅತಿ ಅಮೂಲ್ಯವೆನಿಸಿದ ಭಾಗ ಇದು. ಜ್ಞಾನಸ್ನಾನ ಪಡೆದು ಬುದ್ಧಿ ತಿಳಿಯುವ ಮೊದಲೇ ಹೋದ ಮಕ್ಕಳು ದೇವರ ಬಳಿ ಇದ್ದಾರೆಂಬುದು ಧರ್ಮಸಭೆಯ ವಿಶ್ವಾಸ. ಆದ್ದರಿಂದ ಅವರ ಸಾಲಿಗೆ ಬೇರೆ ಬಣ್ಣ. ಆ ದಿನ ಅವರಿಗಾಗಿ ಬೇಡುವುದಿಲ್ಲ, ನಮಗಾಗಿ ಬೇಡಿಕೊಳ್ಳಿ ಎಂದು ಅವರನ್ನೇ ಕೇಳುತ್ತೇವೆ.

ಮರಣದ ಪುಸ್ತಕದಲ್ಲಿ ಇಲ್ಲದವರೂ ಇರುತ್ತಾರೆ. 1917ರ ಧರ್ಮಸಭೆಯ ಕಾನೂನು ತಿಳಿದೂ ತಿಳಿದೂ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನ ಪಟ್ಟಿಯಲ್ಲಿ ಅವರಿಲ್ಲ. ಹಳೆಯ ಕಾಲದ ಅಂಥವರನ್ನು ಸರ್ಕಾರಿ ಮರಣ ನೋಂದಣಿಯಲ್ಲಿ ಹುಡುಕಿ ಸೇರಿಸಲೇಬೇಕು. ಸತ್ತ ಬಗೆಯನ್ನು ಪುಸ್ತಕದಲ್ಲಿ ಬರೆಯಬೇಕಾಗಿಲ್ಲ, ಹೆಸರು ಸಾಕು. ದಿನವೇ ಸಿಗದವರನ್ನು ನವೆಂಬರ್ 2ಕ್ಕೆ, ಮೃತರೆಲ್ಲರ ಸ್ಮರಣೆಯ ದಿನಕ್ಕೆ, ಸೇರಿಸುತ್ತೇನೆ.

ಬಲಿಪೂಜೆಗೆ ಹೆಸರು ಕೊಡುವಾಗ ಆ ವರ್ಷದ ಧರ್ಮಸಭೆಯ ಪಂಚಾಂಗ ನೋಡಿಕೊಳ್ಳಿ. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಧರ್ಮಕೇಂದ್ರದ ಗುರುಗಳು ಒಂದು ಬಲಿಪೂಜೆಯನ್ನು ತಮ್ಮ ಜನರಿಗಾಗಿಯೇ ಅರ್ಪಿಸಬೇಕು. ಅಂಥ ದಿನ ಬಿದ್ದರೆ ಹಿಂದುಮುಂದಿನ ದಿನ ಕೇಳಿ. ‘ನಮ್ಮ ಕುಟುಂಬದ ಮೃತರೆಲ್ಲರಿಗಾಗಿ’ ಎಂಬುದು ಒಂದೇ ಕೋರಿಕೆ, ಅದಕ್ಕೆ ಒಂದು ಬಲಿಪೂಜೆ. ಒಬ್ಬೊಬ್ಬರಿಗೂ ಪ್ರತ್ಯೇಕ ಕಾಣಿಕೆ ಕೊಟ್ಟರೆ ಅಷ್ಟೇ ಬಲಿಪೂಜೆಗಳಾಗಬೇಕು. ಹೆಸರನ್ನು ಗಟ್ಟಿಯಾಗಿ ಓದದಿದ್ದರೂ ಅರ್ಪಣೆಗೆ ಕೊರತೆಯಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಬೇಸರ ಮಾಡಿಕೊಳ್ಳುತ್ತಾರೆ.

ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ಅವರಿಗೆ ಸಲ್ಲುವ ಪೂರ್ಣ ದಂಡವಿಮೋಚನೆ (ಕ್ಷಮೆ ಸಿಕ್ಕ ಪಾಪಕ್ಕೆ ಉಳಿದ ದಂಡನೆಯ ಮನ್ನಾ) ಇದೆ. ಪಾಪನಿವೇದನೆ, ಪರಮಪ್ರಸಾದ, ಪೋಪರ ಕೋರಿಕೆಗಾಗಿ ಪ್ರಾರ್ಥನೆ, ಯಾವ ಪಾಪಕ್ಕೂ ಅಂಟಿಕೊಳ್ಳದ ಮನಸ್ಸು, ಇವು ಷರತ್ತುಗಳು. ಒಂದು ಪಾಪನಿವೇದನೆ ಹಲವು ದಿನಗಳಿಗೆ ಸಾಕು. ಪರಮಪ್ರಸಾದ ಮತ್ತು ಪೋಪರ ಕೋರಿಕೆಗಾಗಿ ಪ್ರಾರ್ಥನೆ ಮಾತ್ರ ಪ್ರತಿಸಲವೂ ಬೇಕು. ಒಬ್ಬರಿಗೆ ದಿನಕ್ಕೆ ಒಂದೇ ಆದ್ದರಿಂದ ನಾಲ್ವರು ಹಂಚಿಕೊಂಡರೆ 32 ಹೆಸರುಗಳಾಗುತ್ತವೆ. ಅಕ್ಟೋಬರ್ ಕೊನೆಗೇ ಚೀಟಿ ಬರೆದು ಹಂಚುತ್ತೇನೆ. ಮಕ್ಕಳಿಗೆ ಅವರ ಹೆಸರನ್ನೇ ಹೊತ್ತ ಹಿರಿಯರ ಚೀಟಿ. ಮುತ್ತಜ್ಜಿ ಯಾರೆಂದು ಅವರೇ ಕೇಳಿಕೊಂಡು ಬರುತ್ತಾರೆ.

ಪುಸ್ತಕದ ಪ್ರತಿ ಎರಡು ಮನೆಗಳಲ್ಲಿರಲಿ. ಹೊಸ ಹೆಸರು ಬರೆಯುವ ಹೊಣೆ ಒಬ್ಬರದೇ ಆಗಿರಲಿ, ಇಬ್ಬರು ಬರೆದಲ್ಲಿ ದಿನಾಂಕಗಳು ಬೇರೆಯಾಗುತ್ತವೆ. ಎರಡೂ ಪ್ರತಿಗಳನ್ನು ವರ್ಷಕ್ಕೊಮ್ಮೆ, ಚೀಟಿ ಬರೆಯುವ ಹೊತ್ತಿಗೆ, ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ.