ಕೈಯಿಂದಲೇ ತಯಾರಾಗುವ ಗಿಟಾರ್‌ಗೆ ಮುಂಗಡ ಕೊಡುವ ಮುನ್ನ

ಸ್ವತಂತ್ರ ಕುಶಲಕರ್ಮಿಯಿಂದ ಅಕೌಸ್ಟಿಕ್ ಗಿಟಾರ್ ಮಾಡಿಸಲು ಬಯಸುವ ಸದಸ್ಯರು ಮರದ ಆಯ್ಕೆಗಿಂತ ಮೊದಲು ತಮ್ಮ ಕೈಗೆ ಹೊಂದುವ ಅಳತೆಗಳನ್ನು ನಿರ್ಧರಿಸಿಕೊಳ್ಳುವುದು ಒಳ್ಳೆಯದು. ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಯ) ಅಗಲ 43 ಮಿ.ಮೀ. ಇರಬೇಕೋ 44.5 ಮಿ.ಮೀ. ಇರಬೇಕೋ ಎಂಬ ಸಣ್ಣ ವ್ಯತ್ಯಾಸವೂ ಬೆರಳಿನಿಂದ ಮೀಟುವವರಿಗೆ ಸ್ಪಷ್ಟವಾಗಿ ತಿಳಿಯುವುದರಿಂದ, ಈಗ ನುಡಿಸಲು ಹಿತವೆನಿಸುವ ವಾದ್ಯವನ್ನೇ ಅಳೆದು, ಆ ಅಂಕಿಗಳನ್ನೂ ನೀವು ಬಳಸುವ ತಂತಿಯ ದಪ್ಪವನ್ನೂ ಬರೆದು ಕೊಡಿ. ಮೇಲ್ಹಲಗೆಯನ್ನೂ ಅದರ ಒಳಪಟ್ಟಿಗಳನ್ನೂ ಎಷ್ಟು ತೆಳುವಾಗಿಸಬಹುದೆಂಬುದು ಬಹುಮಟ್ಟಿಗೆ ಆ ತಂತಿಗಳ ಎಳೆತವನ್ನು ಅವಲಂಬಿಸಿದೆ. ಹಿಂಬದಿಗೂ ಪಕ್ಕಗಳಿಗೂ ನಮ್ಮ ಬೀಟೆ ಮರವನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಅಮೆರಿಕದ ಮಾರ್ಟಿನ್ ಕಂಪನಿಯೂ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್‌ನಿಂದ ಇದಕ್ಕೇ ಹೊರಳಿತು. ಮುಂಗಡದ ಕಂತುಗಳು, ವಾದ್ಯ ಕೈಸೇರುವ ಅವಧಿ ಮತ್ತು ಮೊದಲ ಮಳೆಗಾಲ ಕಳೆದ ಮೇಲೆ ಕತ್ತನ್ನು ಮತ್ತೊಮ್ಮೆ ಸರಿಪಡಿಸಿಕೊಡುವ ಹೊಣೆ, ಇವು ಮೂರೂ ಒಪ್ಪಂದದಲ್ಲಿ ಲಿಖಿತವಾಗಿರಲಿ.