ಜೀವನಾಂಶದ ಅರ್ಜಿ: ವಕೀಲರನ್ನು ಪಡೆಯುವುದು ಹೇಗೆ, ಅವರಿಂದ ಕೆಲಸ ತೆಗೆಯುವುದು ಹೇಗೆ?

ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ಊರು ಕೊಡುವ ಸಲಹೆಗಳಲ್ಲಿ ವಕೀಲರ ಮಾತು ಬರುವುದು ಕಟ್ಟಕಡೆಗೆ. ಮೊದಲು ಅಣ್ಣ ತಮ್ಮಂದಿರು ಮಾತನಾಡಬೇಕು, ಆಮೇಲೆ ಊರ ಹಿರಿಯರು ಕೂರಬೇಕು, ಅಲ್ಲೂ ಆಗದಿದ್ದರೆ ಠಾಣೆ, ಅದೂ ಮುಗಿದ ಮೇಲೆ ಕೋರ್ಟು. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಎಲ್ಲಿ ವಿಚಾರಿಸಿದರೂ ಈ ಸಾಲು ಹೆಚ್ಚುಕಡಿಮೆ ಇದೇ. ಹಿರಿಯರ ಮಾತಿನಿಂದ ಕೂಡಿಕೊಂಡ ಸಂಸಾರಗಳೂ ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕೂರುವ ಮೊದಲೇ ಒಬ್ಬ ವಕೀಲರನ್ನು ಕಂಡು ಬನ್ನಿ ಎಂಬುದು ಈ ಲೇಖನದ ಒತ್ತಾಯ. ಕಾರಣ ಮೊದಲ ಹಂತದಲ್ಲೇ ಇದೆ.

ಹಂತ 1: ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ

ಪಂಚಾಯಿತಿಯ ಕೊನೆಗೆ ಒಂದು ಛಾಪಾ ಕಾಗದ ಬರುತ್ತದೆ. 'ನಾವಿಬ್ಬರೂ ಸ್ವಇಚ್ಛೆಯಿಂದ ಬೇರೆಯಾಗಿರಲು ಒಪ್ಪಿದ್ದೇವೆ, ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇರುವುದಿಲ್ಲ' ಎಂದು ಅದರಲ್ಲಿ ಟೈಪಾಗಿರುತ್ತದೆ. ಸಾಕ್ಷಿಗಳು ಸಹಿ ಹಾಕುತ್ತಾರೆ, ನೋಟರಿ ಮುದ್ರೆಯೂ ಬೀಳುತ್ತದೆ. ಅದನ್ನು ಕಂಡವರು ವಿಚ್ಛೇದನವೇ ಆಗಿಹೋಯಿತು ಎಂದುಕೊಳ್ಳುತ್ತಾರೆ.

ಆಗಿರುವುದಿಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯಿಂದ ಬಂದ ಬಿಡುಗಡೆಗೆ ಹಿಂದೂ ವಿವಾಹ ಕಾಯ್ದೆ ಮಾನ್ಯತೆ ಕೊಡುತ್ತದೆ ನಿಜ. ಅಂಥ ರೂಢಿ ಇದೆ ಎಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ಉಳಿದಂತೆ ನ್ಯಾಯಾಲಯದ ಡಿಕ್ರಿ ಇಲ್ಲದೆ ಹಿಂದೂ ಮದುವೆ ಮುರಿಯುವುದಿಲ್ಲ. ಆದರೆ ಕಾಗದ ವಿಚ್ಛೇದನವಾಗದಿದ್ದರೂ ಬೇರೊಂದು ಹಾನಿ ಮಾಡುತ್ತದೆ. ಜೀವನಾಂಶ ಕೇಳುವ ಹಕ್ಕು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ನಲ್ಲಿದೆ. 2024ರ ಜುಲೈ 1ರಿಂದ ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್‌ನ ಜಾಗಕ್ಕೆ ಬಂದಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ಹೊಡೆತ ತಿಂದು ಹೊರಬಂದವಳ ಕೈಯಿಂದಲೇ 'ಒಪ್ಪಿ ಬೇರೆಯಾದೆ' ಎಂದು ಬರೆಸಿಕೊಂಡಂತಾಯಿತು. ಎದುರು ವಕೀಲರು ಪಾಟೀಸವಾಲಿನಲ್ಲಿ ಮೊದಲು ತೋರಿಸುವುದು ಆ ಕಾಗದವನ್ನೇ. 'ಜೀವನಾಂಶ ಬೇಡ' ಎಂದು ಬರೆದುಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿರುವುದುಂಟು. ಆದರೂ ಅದನ್ನು ಮತ್ತೆ ಹೇಳಿಸಲು ವಾಯಿದೆಯ ಮೇಲೆ ವಾಯಿದೆ ಅಲೆಯಬೇಕಾಗುತ್ತದೆ.

ಸಹಿ ಆಗಿಹೋಗಿದ್ದರೆ ಮುಚ್ಚಿಡಬೇಡಿ. ಯಾರ ಮನೆಯಲ್ಲಿ, ಯಾರ ಒತ್ತಾಯಕ್ಕೆ, ಓದಿ ಹೇಳಿದ್ದರೋ ಇಲ್ಲವೋ ಎಲ್ಲವನ್ನೂ ನಿಮ್ಮ ವಕೀಲರಿಗೆ ಮೊದಲ ದಿನವೇ ಹೇಳಿ.

ಹಂತ 2: ದುಡ್ಡಿಲ್ಲದೆ ವಕೀಲರನ್ನು ಪಡೆಯುವುದು

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರೆಲ್ಲರಿಗೂ ಉಚಿತ ವಕೀಲರು ಸಿಗಬೇಕು. ಇವರಿಗೆ ಆದಾಯದ ಮಿತಿ ಇಲ್ಲ. ಈ ಮಾತನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ 'ಬಿಪಿಎಲ್ ಕಾರ್ಡು ಇಲ್ಲ, ನನಗೆ ಕೊಡುವುದಿಲ್ಲ' ಎಂದು ವಾಪಸಾಗುವ ಹೆಂಗಸರು ಇದ್ದಾರೆ. ಶಾಲಾ ಶಿಕ್ಷಕಿಗೂ ಇದು ಸಿಗುತ್ತದೆ, ಕಾಫಿ ತೋಟದ ಕೂಲಿಗೂ ಸಿಗುತ್ತದೆ.

ಹಾಸನದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ವಿಳಾಸ ಗೊತ್ತಿಲ್ಲದಿದ್ದರೆ ಕೋರ್ಟಿನ ಬಾಗಿಲಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಗುರುತಿನ ಚೀಟಿ ಒಯ್ಯಿರಿ. ಅರ್ಜಿಯನ್ನು ಕನ್ನಡದಲ್ಲೇ, ಬಿಳಿ ಹಾಳೆಯಲ್ಲೇ ಬರೆದುಕೊಡಬಹುದು. ಬರೆಯಲು ಬಾರದವರಿಗೆ ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಬರೆದುಕೊಡುತ್ತಾರೆ. ಪ್ರಾಧಿಕಾರ ತನ್ನ ಪಟ್ಟಿಯಿಂದ ಒಬ್ಬ ವಕೀಲರನ್ನು ನೇಮಿಸುತ್ತದೆ. ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ಅನುವಾದದ ಖರ್ಚು ಎಲ್ಲವೂ ಪ್ರಾಧಿಕಾರದ್ದೇ.

ಈ ವಕೀಲರು ನಿಮ್ಮಿಂದ ಶುಲ್ಕ ಕೇಳುವಂತಿಲ್ಲ, ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಕೇಳಿದರೆ, ಅಥವಾ ಕರೆದಾಗ ಬರದೆ ಸತಾಯಿಸಿದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ದೂರು ಕೊಟ್ಟು ಬೇರೆಯವರನ್ನು ಕೇಳಿ. ಪುಕ್ಕಟೆ ವಕೀಲರು ಏನು ತಾನೇ ಮಾಡುತ್ತಾರೆ ಎಂಬ ಮಾತು ಊರಲ್ಲಿ ಬಹಳ ಓಡಾಡುತ್ತದೆ. ನಿಷ್ಠೆಯಿಂದ ದುಡಿಯುವವರೂ ಇದ್ದಾರೆ, ವಾಯಿದೆ ತೆಗೆದುಕೊಳ್ಳುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಇದು ಶುಲ್ಕ ಕೊಟ್ಟು ಹಿಡಿದ ವಕೀಲರ ವಿಷಯದಲ್ಲೂ ಅಷ್ಟೇ ಸತ್ಯ.

ಹಂತ 3: ಕಾಗದಪತ್ರ ಕೂಡಿಸುವುದು

ಲಗ್ನಪತ್ರಿಕೆ, ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಆಧಾರ್. ಆಸ್ಪತ್ರೆಗೆ ಹೋಗಿದ್ದರೆ ಹೊರರೋಗಿ ಚೀಟಿ. ಠಾಣೆಗೆ ದೂರು ಕೊಟ್ಟಿದ್ದರೆ ಅದರ ಸ್ವೀಕೃತಿ. ಮದುವೆ ನೋಂದಣಿ ಆಗಿಲ್ಲ ಎಂದು ಕೈಚೆಲ್ಲಬೇಡಿ; ಗಂಡ ಹೆಂಡತಿಯಾಗಿ ಬಾಳಿದ್ದಕ್ಕೆ ಬೇರೆ ಸಾಕ್ಷ್ಯವಿದ್ದರೂ ಜೀವನಾಂಶದ ಅರ್ಜಿ ನಡೆಯುತ್ತದೆ.

ಕಷ್ಟ ಇರುವುದು ಗಂಡನ ಆದಾಯ ತೋರಿಸುವಲ್ಲಿ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ತೆಂಗಿನ ತೋಟ ಗಂಡನ ಅನುಭವದಲ್ಲಿರುತ್ತದೆ, ಪಹಣಿ ಮಾತ್ರ ಅವನ ತಂದೆಯ ಅಥವಾ ತೀರಿಕೊಂಡ ತಾತನ ಹೆಸರಿನಲ್ಲಿರುತ್ತದೆ. 'ನನಗೆ ಒಂದು ಗುಂಟೆಯೂ ಇಲ್ಲ' ಎಂದು ಅವನು ಪ್ರಮಾಣ ಮಾಡಿ ಹೇಳಿದರೆ ಕಾಗದದ ಮೇಲೆ ಅದು ಸುಳ್ಳೂ ಅಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ತೆಗೆಯಬಹುದು. ಕೊಬ್ಬರಿ ಮಾರಿದ ಚೀಟಿ, ಹಾಲಿನ ಡೇರಿಯ ಪಾಸ್‌ಬುಕ್, ಟ್ರ್ಯಾಕ್ಟರ್‌ನ ನೋಂದಣಿ ಸಂಖ್ಯೆ ಕೈಗೆ ಸಿಕ್ಕಿದರೆ ಅವುಗಳ ಫೋಟೊ ಇಟ್ಟುಕೊಳ್ಳಿ. ಬೇಲೂರು, ಆಲೂರು, ಸಕಲೇಶಪುರದ ತೋಟಗಳಲ್ಲಿ ದುಡಿಯುವವನಾದರೆ ರೈಟರ್ ಬರೆಯುವ ಹಾಜರಿ ಮತ್ತು ಬಟವಾಡೆಯ ಲೆಕ್ಕವಿರುತ್ತದೆ, ಭವಿಷ್ಯ ನಿಧಿಯ ಸಂಖ್ಯೆ ಇರುತ್ತದೆ. ನೀವು ತೋಟದ ಹೆಸರು ಹೇಳಿದರೆ ಸಾಕು, ಆ ದಾಖಲೆಯನ್ನು ಕೋರ್ಟಿನ ಮೂಲಕ ತರಿಸುವುದು ವಕೀಲರ ಕೆಲಸ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ದೊಡ್ಡ ಆಸರೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಕೊಡಲೇಬೇಕು. ನೀವೂ ಕೊಡಬೇಕು. ಹೊಲಿಗೆಯಿಂದಲೋ ಗಾರ್ಮೆಂಟ್ಸ್ ಕೆಲಸದಿಂದಲೋ ಬರುವುದನ್ನು ಬಚ್ಚಿಡಬೇಡಿ. ಸಂಪಾದನೆ ಇದೆ ಎಂದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಉಳಿದ ಮಾತುಗಳ ತೂಕವೂ ಇಳಿಯುತ್ತದೆ.

ಹಂತ 4: ಯಾವ ಅರ್ಜಿ, ಎಲ್ಲಿ

ಗಂಡ ಬೆಂಗಳೂರು ಸೇರಿಕೊಂಡಿದ್ದಾನೆ, ಅಲ್ಲಿಗೆ ಹೋಗಿ ಕೇಸು ಹಾಕಲಾಗುತ್ತದೆಯೇ ಎಂಬ ಚಿಂತೆ ಬೇಡ. ನೀವು ಈಗ ವಾಸವಿರುವ ಕಡೆಯೇ ಜೀವನಾಂಶದ ಅರ್ಜಿ ಹಾಕಬಹುದು. ಸಕಲೇಶಪುರದಿಂದ ಅರಕಲಗೂಡಿನ ತವರಿಗೆ ಬಂದವರು ಅರಕಲಗೂಡಿನ ವ್ಯಾಪ್ತಿಯಲ್ಲೇ ಕೇಳಬಹುದು. ಕುಟುಂಬ ನ್ಯಾಯಾಲಯದ ವ್ಯಾಪ್ತಿಯಿರುವಲ್ಲಿ ಅರ್ಜಿ ಅಲ್ಲಿಗೆ ಹೋಗುತ್ತದೆ, ಇಲ್ಲದಿದ್ದರೆ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ.

ಹಿಂಸೆ ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ಇನ್ನೊಂದು ದಾರಿಯಿದೆ. ರಕ್ಷಣೆ, ಹಣ, ಮಕ್ಕಳ ಸುಪರ್ದಿ, ಇದ್ದ ಮನೆಯಲ್ಲೇ ಇರುವ ಹಕ್ಕು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ನಮ್ಮಲ್ಲಿ ಇದರ ಸಂರಕ್ಷಣಾಧಿಕಾರಿಗಳು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಅಂಗನವಾಡಿ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತಿರುವ ಸಿಡಿಪಿಒ ಕಚೇರಿ. ಅವರ ವರದಿ ಅರ್ಜಿಗೆ ಬಲ ಕೊಡುತ್ತದೆ. ಕಾಫಿ ತೋಟದ ಕೆಲಸಗಾರರಿಗೆ ಕೊಡುವ ಲೈನ್ ಮನೆಗಳ ವಿಷಯ ಮಾತ್ರ ಸ್ವಲ್ಪ ಗೋಜಲು. ಮನೆ ತೋಟದ ಮಾಲೀಕರದು, ಕೊಟ್ಟಿರುವುದು ಗಂಡನ ಹೆಸರಿಗೆ. ಸಂಸಾರ ಮುರಿದ ದಿನವೇ ಹೆಂಡತಿ ಸೂರನ್ನೂ ಕೂಲಿಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾಳೆ. ನೀವೂ ಅದೇ ತೋಟದ ಕೆಲಸಗಾರರಾಗಿದ್ದರೆ ಅದನ್ನು ಅರ್ಜಿಯಲ್ಲಿ ಮೊದಲೇ ಬರೆಸಿ.

ಮುಸ್ಲಿಂ ಮಹಿಳೆಯರಿಗೆ ಈ ದಾರಿ ಇಲ್ಲವೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೊಮ್ಮೆ ಹೇಳಿದೆ.

ವಯಸ್ಸಾದ ತಂದೆ ತಾಯಿಯರಿಗೆ ಬೇರೆಯ ಕಚೇರಿಯೂ ಇದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಕಾಯ್ದೆಯಡಿ ಅವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರ ಎರಡು ಉಪವಿಭಾಗಗಳು.

ಹಂತ 5: ಕೋರ್ಟಿನೊಳಗೆ

1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಆಶ್ಚರ್ಯವಾಗುತ್ತದೆ: ವಕೀಲರ ಮೂಲಕ ಹಾಜರಾಗುವುದು ಇಲ್ಲಿ ಯಾರ ಹಕ್ಕೂ ಅಲ್ಲ. ಮನೆಯ ಜಗಳವನ್ನು ವಕೀಲರು ಬೆಳೆಸುತ್ತಾರೆ ಎಂಬ ಗುಮಾನಿ ಕಾನೂನು ಮಾಡಿದವರಿಗಿತ್ತು. ಗುಮಾನಿ ಪೂರ್ತಿ ಸುಳ್ಳೆಂದು ಹೇಳಲಾರೆ. ಆದರೆ ಒಂದು ಕಡೆ ಕಚೇರಿ ಕೆಲಸದಲ್ಲಿ ಪಳಗಿದ ಗಂಡ, ಇನ್ನೊಂದು ಕಡೆ ಹೆಬ್ಬೆಟ್ಟು ಒತ್ತುವ ಹೆಂಡತಿ. ಇಬ್ಬರಿಗೂ ವಕೀಲರಿಲ್ಲ ಎಂದ ಮಾತ್ರಕ್ಕೆ ಇಬ್ಬರೂ ಸಮಾನರಾಗಿಬಿಡುವುದಿಲ್ಲ. ಹೀಗಾಗಿ ವ್ಯವಹಾರದಲ್ಲಿ ಅನುಮತಿ ಕೇಳಿ ವಕೀಲರು ವಕಾಲತ್ತು ಹಾಕುತ್ತಾರೆ, ನ್ಯಾಯಾಲಯಗಳೂ ಸಾಮಾನ್ಯವಾಗಿ ಒಪ್ಪುತ್ತವೆ.

ವಕೀಲರಿಂದ ನೀವು ಕೇಳಿ ಮಾಡಿಸಬೇಕಾದ ಕೆಲಸಗಳು ಮೂರು. ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ, ಅಂದರೆ ತೀರ್ಪು ಬರುವವರೆಗಿನ ಜೀವನಾಂಶದ, ಅರ್ಜಿ ಹಾಕಿಸಿ. ಎದುರುದಾರನಿಗೆ ನೋಟಿಸ್ ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳೊಳಗೆ ಅದು ಇತ್ಯರ್ಥವಾಗಬೇಕು ಎಂದು ಕಾನೂನು ಹೇಳುತ್ತದೆ. ಹಾಗೆ ಆಗುವುದು ಅಪರೂಪ. ಆದರೆ ಅರ್ಜಿಯೇ ಇಲ್ಲದಿದ್ದರೆ ಕೇಳುವುದಕ್ಕೂ ದಾರಿಯಿಲ್ಲ. ಎರಡನೆಯದು, ನೋಟಿಸ್ ತಲುಪಿಸುವುದು. 'ಮನೆಯಲ್ಲಿಲ್ಲ' ಎಂಬ ಷರಾ ಬರೆದು ನೋಟಿಸ್ ಮರಳಿ ಬರುತ್ತಿದ್ದರೆ ಕೆಲಸದ ಜಾಗದ ವಿಳಾಸ ಕೊಡಿ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮನವರಿಕೆಯಾದರೆ ನ್ಯಾಯಾಲಯ ಏಕಪಕ್ಷೀಯವಾಗಿ ಮುಂದುವರಿಯಬಹುದು. ಮೂರನೆಯದು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು ಸ್ಪಷ್ಟವಾಗಿ ಬರೆಸುವುದು. 2020ರ ಆ ತೀರ್ಪೇ ಇದಕ್ಕೂ ಆಧಾರ.

'ನನಗೆ ಕೆಲಸವಿಲ್ಲ' ಎಂಬ ಗಂಡನ ಮಾತಿಗೆ ಹೆದರಬೇಡಿ. ಮೈಯಲ್ಲಿ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕೋರ್ಟಿನಲ್ಲಿ ನಡೆಯುವುದು ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ. ತೋಟಗಳಲ್ಲಿ ತಮಿಳು, ತುಳು ಮಾತನಾಡುವವರಿದ್ದಾರೆ, ದೂರದ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಅವರ ಮಾತನ್ನು ಭಾಷಾಂತರಿಸಲು ಒಬ್ಬರು ಬೇಕೆಂದು ವಕೀಲರೇ ಮೊದಲು ತಿಳಿಸಬೇಕು. ವಾಯಿದೆ ಯಾವಾಗ ಎಂದು ತಿಳಿಯಲು ವಕೀಲರ ಗುಮಾಸ್ತರಿಗೇ ಜೋತುಬೀಳಬೇಕಿಲ್ಲ. ಪ್ರಕರಣಕ್ಕೆ 16 ಅಂಕಿ, ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದನ್ನು ಬರೆಸಿಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲದಿರುವುದರಿಂದ ವಾಯಿದೆಗೆ ತಪ್ಪಿಸಿಕೊಳ್ಳಬೇಡಿ.

ಹಂತ 6: ರಾಜಿಯ ಮಾತು ಬಂದರೆ

ಬಂದೇ ಬರುತ್ತದೆ. ರಾಜಿಗೆ ಪ್ರಯತ್ನಿಸುವುದು ಕುಟುಂಬ ನ್ಯಾಯಾಲಯದ ಕರ್ತವ್ಯವೇ. ಮಧ್ಯಸ್ಥಿಕೆಗೆ ಹೋಗಿ, ಆದರೆ ಕರಡನ್ನು ವಕೀಲರು ಓದಿ ಹೇಳದೆ ಸಹಿ ಹಾಕಬೇಡಿ. ಎಷ್ಟು ಹಣ, ಯಾವ ದಿನಾಂಕಕ್ಕೆ, ಯಾರ ಖಾತೆಗೆ, ಕೊಡದಿದ್ದರೆ ಏನು ಎಂಬುದು ಬರಹದಲ್ಲಿರಲಿ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ ಎಂಬುದೂ ನೆನಪಿರಲಿ.

ಹಂತ 7: ಆದೇಶ ಬಂದ ಮೇಲೆ

ಬಹಳ ಜನ ಇಲ್ಲಿ ಸೋಲುತ್ತಾರೆ. ಆದೇಶ ಬರುತ್ತದೆ, ಮೊದಲ ಎರಡು ಕಂತು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಹೆಂಡತಿ ಇವತ್ತು ಕೊಟ್ಟಾನು, ನಾಳೆ ಕೊಟ್ಟಾನು ಎಂದು ಕಾಯುತ್ತಾಳೆ. ಬಾಕಿ ವಸೂಲಿಗೆ ವಾರಂಟ್ ಕೇಳುವ ಅರ್ಜಿಯನ್ನು ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಕಾದು ಕಾದು ವರ್ಷ ದಾಟಿದರೆ ಹಳೆಯ ಕಂತುಗಳಿಗೆ ಆ ವಾರಂಟ್ ಸಿಗದೆ ಹೋಗುತ್ತದೆ. ಆದ್ದರಿಂದ ಎರಡು ಮೂರು ತಿಂಗಳು ಬಾಕಿಯಾದ ಕೂಡಲೇ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸುವ ಅರ್ಜಿ, ಹಾಕಿಸಿ. ಕಾರಣವಿಲ್ಲದೆ ಕೊಡದವನಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು.

ಆದೇಶದ ನಕಲು ನಿಮಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ಗಂಡ ಎಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರ ಮೂಲಕವೂ ಅದನ್ನು ಜಾರಿ ಮಾಡಿಸಬಹುದು. ಹಣ ನಿಮ್ಮೊಬ್ಬರ ಹೆಸರಿನ ಖಾತೆಗೆ ಬರುವಂತೆ ಮಾಡಿಕೊಳ್ಳಿ, ಕೈಗೆ ಕೊಟ್ಟರೆ ಲೆಕ್ಕ ಉಳಿಯುವುದಿಲ್ಲ. ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಇನ್ನೂ ಅತ್ತೆಯ ಮನೆಯಲ್ಲೇ ಇದ್ದರೆ ಅದನ್ನು ಬಿಡಿಸಿಕೊಳ್ಳುವ ಕೆಲಸವನ್ನೂ ಇದೇ ಸಮಯದಲ್ಲಿ ಆರಂಭಿಸಿ. ಆ ಚೀಟಿಯಲ್ಲಿ ಯಜಮಾನಿ ಎಂದು ಬರೆದಿರುವವರಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುತ್ತದೆ. ಬೇರೆ ಚೀಟಿ ಆಗುವವರೆಗೆ ನಿಮಗೆ ಅದೂ ಇಲ್ಲ. ಅರ್ಜಿ ಬರೆಯಲು ಅರೆ ಕಾನೂನು ಸ್ವಯಂಸೇವಕರ ನೆರವು ಕೇಳಿ.

ವರ್ಷಗಳು ಕಳೆದು ಮಗು ಹೈಸ್ಕೂಲಿಗೆ ಬಂದಾಗ ಹಿಂದೆ ಗೊತ್ತಾದ ಮೊತ್ತ ಸಾಲದೆ ಹೋಗುತ್ತದೆ. ಹೆಚ್ಚಿಸಿಕೊಡಿ ಎಂದು ಅದೇ ನ್ಯಾಯಾಲಯದಲ್ಲಿ ಕೇಳಬಹುದು. ಅದಕ್ಕೂ ಪ್ರಾಧಿಕಾರದ ವಕೀಲರು ಸಿಗುತ್ತಾರೆ. ಹಳೆಯ ಆದೇಶದ ನಕಲು, ಶಾಲೆಯ ಶುಲ್ಕದ ರಸೀದಿ, ಬ್ಯಾಂಕಿನ ಪಾಸ್‌ಬುಕ್ ಹಿಡಿದು ಹೋಗಿ.